ಯಂತ್ರಕ್ಕೇನೂ ಆಗಿರಲಿಲ್ಲ

ದಿನಾ ಬೆಳಗ್ಗೆ ಎಂಟು ಗಂಟೆಗೆ, ಯಾರೂ ಬರುವ ಮೊದಲು, ನನ್ನ ಎದೆಗೆ ನಾನೇ ಮೂರು ವೈರು ಅಂಟಿಸಿಕೊಂಡು ಐದು ನಿಮಿಷ ಮಲಗುತ್ತೇನೆ. ಸುಖಕ್ಕೇನಲ್ಲ, ಕೆಲಸವೇ ಹಾಗೆ. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಎದೆಬಡಿತ ದಾಖಲಿಸುವ ಯಂತ್ರವಿದೆ, ಅದನ್ನು ನಡೆಸುವವಳು ನಾನು. ನನಗಿಂತ ಮೊದಲಿದ್ದ ಟೆಕ್ನಿಷಿಯನ್ ನಿವೃತ್ತಿಯ ದಿನ ಬೀಗದ ಕೈ ಕೊಡುತ್ತಾ, "ನೋಡಮ್ಮ, ಯಂತ್ರ ಸರಿಯಾಗಿದೆಯಾ ಅಂತ ತಿಳ್ಕೋಬೇಕಾದ್ರೆ ಗೊತ್ತಿರೋ ಎದೆಗೆ ಹಾಕಿ ನೋಡ್ಬೇಕು. ನಿಂದಕ್ಕಿಂತ ಗೊತ್ತಿರೋ ಎದೆ ನಿನಗೆ ಇನ್ನೆಲ್ಲಿ ಸಿಗುತ್ತೆ?" ಎಂದಿದ್ದರು. ಹಾಗಾಗಿ ಒಂಬತ್ತು ವರ್ಷದಿಂದ ಆ ಯಂತ್ರಕ್ಕೆ ನನ್ನ ಹೃದಯವೇ ಅಳತೆಗೋಲು. ಮಲಗಿದಾಗ ನಿಮಿಷಕ್ಕೆ ಅರವತ್ತಾರು. ಜ್ವರದ ದಿನ ಬಿಟ್ಟರೆ ಒಂದೆರಡರ ಆಚೀಚೆ ಹೋದದ್ದಿಲ್ಲ. ರಿಜಿಸ್ಟರಿನಲ್ಲಿ ಅಂಕಿ ಬರೆದು, ಮುಂದೆ "ಯಂತ್ರ ಸರಿಯಿದೆ" ಎಂದು ಸಹಿ ಹಾಕಿ, ಕುಪ್ಪಸದ ಗುಂಡಿ ಹಾಕಿಕೊಂಡು ಬಾಗಿಲು ತೆಗೆಯುತ್ತೇನೆ.

ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುವವರು ಬಸುರಿಯರು. ನಮ್ಮ ದೊಡ್ಡ ಡಾಕ್ಟರು ಅವರ ಹೃದಯದ ಮೇಲೆ ಅಧ್ಯಯನ ನಡೆಸುತ್ತಿದ್ದಾರೆ. ಹದಿನಾಲ್ಕು ಜನ, ತಿಂಗಳಿಗೊಂದು ಸಲ ಬಂದು ಮಲಗಬೇಕು, ನಿಧಾನವಾಗಿ ಉಸಿರಾಡಬೇಕು, ಆಮೇಲೆ ಎದ್ದು ನಿಲ್ಲಬೇಕು. ಅಷ್ಟೂ ಹೊತ್ತು ಬಡಿತಕ್ಕೂ ಬಡಿತಕ್ಕೂ ನಡುವಿನ ಅಂತರವನ್ನು ಯಂತ್ರ ಅಳೆಯುತ್ತದೆ.

ಇದೆಲ್ಲ ಏತಕ್ಕೆ ಎಂದು ನಮ್ಮವರೂ ಒಮ್ಮೆ ಕೇಳಿದ್ದರು. ಅವರು ಬಸ್ ಡ್ರೈವರು. ಅವರಿಗೆ ಹೇಳಿದಂತೆಯೇ ಇಲ್ಲೂ ಹೇಳುತ್ತೇನೆ. ಹೃದಯ ತನ್ನಷ್ಟಕ್ಕೆ ತಾನು ಬಡಿಯುತ್ತದೆ, ಆದರೆ ಎಷ್ಟು ಜೋರಾಗಿ ಓಡಬೇಕು ಅನ್ನುವುದು ನರಗಳ ಕೈಯಲ್ಲಿದೆ. ಒಂದು ನರ ಆಕ್ಸಲರೇಟರು, ಇನ್ನೊಂದು ಬ್ರೇಕು. ಆರಾಮವಾಗಿ ಮಲಗಿದವರಲ್ಲಿ ಬ್ರೇಕಿನ ಮೇಲೆ ಕಾಲು ಮೆತ್ತಗೆ ಇದ್ದೇ ಇರುತ್ತದೆ. ಉಸಿರು ಎಳೆದುಕೊಂಡಾಗ ಆ ಕಾಲು ತುಸು ಸಡಿಲವಾಗಿ ಬಡಿತ ಚುರುಕಾಗುತ್ತದೆ, ಉಸಿರು ಬಿಟ್ಟಾಗ ಮತ್ತೆ ಒತ್ತಿ ನಿಧಾನವಾಗುತ್ತದೆ. ಪರದೆಯ ಮೇಲೆ ಅದು ಅಲೆಯಾಗಿ ಕಾಣುತ್ತದೆ. ಹೆಂಗಸು ಬಸುರಿಯಾದಳೋ, ಹೊಟ್ಟೆ ಕಾಣುವುದಕ್ಕೆ ಎಷ್ಟೋ ಮೊದಲೇ, ಬ್ರೇಕಿನಿಂದ ಕಾಲು ಮೇಲೇಳತೊಡಗುತ್ತದೆ. ಬಡಿತ ಏರುತ್ತದೆ, ಅಲೆ ಚಪ್ಪಟೆಯಾಗುತ್ತದೆ. ಇಬ್ಬರಿಗೆ ರಕ್ತ ಒದಗಿಸಬೇಕಲ್ಲ. ಹೆತ್ತ ಮೇಲೆ ಕಾಲು ಮತ್ತೆ ಹಳೆಯ ಜಾಗಕ್ಕೆ ಬರುತ್ತದೆ.

"ಅಂದ್ರೆ ಬಸುರಿ ಅಂದ್ರೆ ಇಳಿಜಾರಲ್ಲಿ ಹೋಗೋ ಗಾಡಿ" ಎಂದಿದ್ದರು ನಮ್ಮವರು.

"ನಿಮ್ಮ ಮುಖ! ಏರು ಹತ್ತೋ ಗಾಡಿ" ಎಂದಿದ್ದೆ ನಾನು.

ಆ ಸೋಮವಾರ ಯಂತ್ರ ಎಪ್ಪತ್ತೊಂದು ತೋರಿಸಿತು. ಏಕೆ ಎಂದು ನನಗೆ ಗೊತ್ತಿತ್ತು. ಶನಿವಾರವೇ ಬಚ್ಚಲುಮನೆಯಲ್ಲಿ ಬಸಿರು ಪರೀಕ್ಷೆಯ ಕಡ್ಡಿ ಎರಡು ಗೆರೆ ತೋರಿಸಿತ್ತು, ನಾನು ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದ್ದೆ. ಸಂತೋಷವೂ ಆಗಲಿಲ್ಲ, ಭಯವೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಆ ಮರಗಟ್ಟುವಿಕೆ ಮೈಗೆಲ್ಲ ಹಬ್ಬಿದ ಹಾಗಿತ್ತು. ಎದ್ದು ಹೋಗಿ ಪಾತ್ರೆ ತೊಳೆದೆ.

ನನಗೆ ಆಗ ಮೂವತ್ತೊಂಬತ್ತು. ಇದು ಮೂರನೆಯದು. ಮೊದಲನೆಯದು ಎಂಟು ವಾರಕ್ಕೆ ಹೋಯಿತು, ಎರಡನೆಯದು ಒಂಬತ್ತಕ್ಕೆ, ಎರಡೂ ನಾನು ಈ ಯಂತ್ರಕ್ಕೆ ಬರುವ ಮೊದಲು. ಮೊದಲ ಸಲ ನಮ್ಮತ್ತೆ ಖುಷಿ ತಡೆಯಲಾರದೆ ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಬೀದಿಗೆಲ್ಲ ಸಾರಿದ್ದರು. ಪಾಪ, ಅವರದು ಕೆಟ್ಟ ಮನಸ್ಸಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ. ಆಮೇಲೆ ಅಷ್ಟೂ ಜನಕ್ಕೆ ನಾನು ಒಬ್ಬೊಬ್ಬರಿಗೇ "ಇಲ್ಲ, ಹೋಯ್ತು" ಎಂದು ಹೇಳಬೇಕಾಯಿತು. ಹೇಳಿದಾಗಲೆಲ್ಲ ಎದುರಿಗಿದ್ದವರ ಮುಖ ಬಾಡುತ್ತಿತ್ತು, ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ. ಎರಡನೇ ಸಲ ಬೀದಿಗೆ ಹೇಳಲಿಲ್ಲ, ನಮ್ಮವರಿಗೆ ಹೇಳಿದ್ದೆ. ಅದು ಹೋದಾಗ ಅವರು ಮೂರು ದಿನ ಊಟ ಬಿಟ್ಟರು. ಬಡಿಸಿದ ತಟ್ಟೆಯನ್ನು ಹಾಗೇ ಎತ್ತುವಾಗ ನನಗೆ ಇನ್ನಿಲ್ಲದ ಸಿಟ್ಟು ಬಂದಿತ್ತು.

ಅದಕ್ಕೇ ಈ ಸಲ ತೀರ್ಮಾನಿಸಿದೆ. ಹನ್ನೆರಡು ವಾರ ದಾಟುವವರೆಗೆ ಯಾರಿಗೂ ಹೇಳುವುದಿಲ್ಲ. ಅತ್ತೆಗಿಲ್ಲ, ಇವರಿಗಿಲ್ಲ, ಆಸ್ಪತ್ರೆಯಲ್ಲಂತೂ ಇಲ್ಲವೇ ಇಲ್ಲ. ಕೆಳಗಿನ ಸ್ಕ್ಯಾನಿಂಗ್ ಕೋಣೆಗೆ ನಾನು ಕಾಲಿಟ್ಟರೆ ಸಂಜೆಯೊಳಗೆ ಕ್ಯಾಂಟೀನಿನವರೆಗೆ ಸುದ್ದಿ. ಹನ್ನೆರಡು ಆಗಲಿ, ಆಮೇಲೆ ನೋಡೋಣ ಅಂದುಕೊಂಡೆ.

ಬೆಳಗಿನ ಐದು ನಿಮಿಷ ಮಾತ್ರ ತಪ್ಪಿಸಲಿಲ್ಲ. ಆರನೇ ವಾರ ಎಪ್ಪತ್ತಮೂರು. ಏಳನೇ ವಾರ ಎಪ್ಪತ್ತೈದು. ಎಂಟಕ್ಕೆ ಎಪ್ಪತ್ತಾರು, ಅಲೆ ಅನ್ನುವುದು ಹೆಸರಿಗಷ್ಟೇ. ಪ್ರತಿದಿನ ಅಂಕಿ ಬರೆದು "ಯಂತ್ರ ಸರಿಯಿದೆ" ಎಂದು ಸಹಿ ಹಾಕಿದೆ. ಸುಳ್ಳೇನೂ ಬರೆಯಲಿಲ್ಲ.

ತಿಂಗಳ ಲೆಕ್ಕ ನೋಡಲು ಬಂದ ದೊಡ್ಡ ಡಾಕ್ಟರು ರಿಜಿಸ್ಟರು ತಿರುವಿ ಹಾಕಿ, ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು.

"ಏನಮ್ಮ ಇದು? ಒಂಬತ್ತು ವರ್ಷ ಅರವತ್ತಾರು, ಈಗ ಎಪ್ಪತ್ತಾರು? ಜ್ವರ ಏನಾದ್ರೂ ಇತ್ತಾ?"

"ಇಲ್ಲ ಡಾಕ್ಟ್ರೇ."

"ಕಾಫಿ ಜಾಸ್ತಿ ಕುಡೀತಿದೀಯಾ?"

"ಇಲ್ಲ."

"ಹಾಗಾದ್ರೆ ಯಂತ್ರ ಕೈಕೊಟ್ಟಿದೆ."

ನಾನು ಬಾಯಿ ತೆರೆದೆ. ಒಂದೇ ಒಂದು ಮಾತು ಸಾಕಿತ್ತು. ಮುಚ್ಚಿಕೊಂಡೆ. ಇಪ್ಪತ್ತು ವರ್ಷ ಬಸುರಿಯರ ಎದೆಬಡಿತವನ್ನೇ ನೋಡಿ ತಲೆ ಬೆಳ್ಳಗಾದ ಮನುಷ್ಯ, ಮೂಗಿನ ಕೆಳಗಿದ್ದ ಬಸುರಿಯ ಗೆರೆಯನ್ನು ಗುರುತಿಸಲಿಲ್ಲ. ಅವರನ್ನು ಬೈದು ಏನು ಬಂತು? ಅವರ ಕಣ್ಣಿಗೆ ನಾನು ಯಂತ್ರದ ಒಂದು ಭಾಗ, ಯಂತ್ರ ಎಲ್ಲಾದರೂ ಬಸುರಿಯಾಗುತ್ತದೆಯೇ? ಅವರು ಆ ನಾಲ್ಕು ವಾರದ ದಾಖಲೆಗಳನ್ನೆಲ್ಲ ಬದಿಗಿಡಲು ಹೇಳಿದರು. ಹದಿನಾಲ್ಕೂ ಜನರನ್ನು ಮತ್ತೆ ಕರೆಸಬೇಕು, ಎಲ್ಲ ಮೊದಲಿನಿಂದ.

ಫೋನು ಮಾಡಿ ಕರೆಯುವ ಕೆಲಸ ಯಾರದು? ನನ್ನದೇ. ಹದಿಮೂರು ಜನ "ಆಯ್ತು ಸಿಸ್ಟರ್" ಎಂದರು. ಹದಿನಾಲ್ಕನೆಯವಳು ಟೈಲರು. ಅವಳಿಗೆ ಎಂಟನೇ ತಿಂಗಳು, ಬಾಯಿ ಅವಳ ಕತ್ತರಿಗಿಂತ ಹರಿತ.

"ಅಲ್ಲ ಅಕ್ಕಾ, ನಿಮ್ಮ ಯಂತ್ರಕ್ಕೆ ಕಾಯಿಲೆ ಬಂದ್ರೆ ಈ ಹೊಟ್ಟೆ ಹೊತ್ಕೊಂಡು ನಾನ್ಯಾಕೆ ಮತ್ತೆ ಎರಡು ಮಹಡಿ ಹತ್ಬೇಕು? ನಿಮ್ಮ ಲಿಫ್ಟಿಗೂ ಕಾಯಿಲೆ ತಾನೆ?"

"ಹತ್ತೋಕಾಗಲ್ಲ ಅಂದ್ರೆ ಬರ್ಬೇಡ" ಎಂದು ಸಿಡುಕಿದೆ.

"ಅಯ್ಯ, ಕೋಪ ನೋಡು! ಬರ್ತೀನಿ ಬಿಡಿ. ನೀವು ತಾನೇ ಏನ್ಮಾಡ್ತೀರಾ" ಎಂದು ನಕ್ಕಳು.

ಫೋನು ಇಟ್ಟ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳು ಹತ್ತಬೇಕಾದ ಆ ಮೆಟ್ಟಿಲುಗಳನ್ನು ಅವಳ ಮುಂದೆ ಇಟ್ಟವಳು ನಾನೇ. ಆದರೂ ಹೋಗಿ ಬಾಯಿ ಬಿಡಲಿಲ್ಲ.

ಒಂಬತ್ತನೇ ವಾರ ರಿಪೇರಿಯವನು ಬಂದ. ದಪ್ಪ ಮೀಸೆ, ಸೊಂಟಕ್ಕೆ ಚೀಲ, ಯಂತ್ರಗಳ ಜೊತೆ ಮಾತಾಡುವ ಚಾಳಿ. "ಏನಪ್ಪ, ಯಾಕೆ ಹಟ ಮಾಡ್ತಿದೀಯಾ?" ಎನ್ನುತ್ತಾ ಹಿಂಬದಿಯ ಮುಚ್ಚಳ ಬಿಚ್ಚಿದ. ಅವನ ಬಳಿ ನಕಲಿ ಎದೆಬಡಿತ ಕೊಡುವ ಪುಟ್ಟ ಪೆಟ್ಟಿಗೆಯೊಂದಿತ್ತು. ಅದು ಅರವತ್ತು ಬಡಿದರೆ ನಮ್ಮ ಯಂತ್ರವೂ ಅರವತ್ತು ತೋರಿಸಿತು, ತೊಂಬತ್ತಕ್ಕೆ ತೊಂಬತ್ತು.

"ಸಾರ್, ಇದು ಬೆಣ್ಣೆ ಥರ ಓಡ್ತಿದೆ" ಎಂದ.

"ನಿನ್ನ ಪೆಟ್ಟಿಗೆ ಉಸಿರಾಡುತ್ತೇನಯ್ಯ? ನನಗೆ ಬೇಕಾಗಿರೋದು ಅಲೆ. ಅಲೆ ಎಲ್ಲಿ ಹೋಯ್ತು?" ಎಂದರು ಡಾಕ್ಟರು. ಅವರ ಸಮಾಧಾನಕ್ಕೆ ಅವನು ಮೂರೂ ವೈರು ಬದಲಿಸಿದ. ಹೊಸ ವೈರಿನಲ್ಲಿ ಎಲ್ಲರದ್ದೂ ಮತ್ತೆ ದಾಖಲಿಸಿ ನೋಡೋಣ, ಆದರೆ ನಿನ್ನ ಅಲೆ ವಾಪಸು ಬರುವವರೆಗೆ ನಾನು ಇದನ್ನು ನಂಬುವುದಿಲ್ಲ ಎಂದು ನನಗೆ ಹೇಳಿ ಡಾಕ್ಟರು ವಾರ್ಡಿಗೆ ಹೋದರು.

ರಿಪೇರಿಯವನು ಚೀಲ ಕಟ್ಟಿಕೊಳ್ಳುತ್ತಾ ಮೆಲ್ಲಗೆ ಕೇಳಿದ: "ಮೇಡಂ, ತಪ್ಪು ತಿಳ್ಕೋಬೇಡಿ. ಯಂತ್ರಕ್ಕೇನೂ ಆಗಿಲ್ಲ. ನೀವು ಹುಷಾರಾಗಿದೀರ ತಾನೆ?"

"ನಿಮ್ಮ ಕೆಲಸ ಮುಗೀತಲ್ಲ, ಹೊರಡಿ" ಎಂದೆ.

ಆ ಶನಿವಾರ ಒಂಬತ್ತು ವಾರ ಮುಗಿಯಿತು. ಭಾನುವಾರ ದಾಟಿತು. ಹಿಂದಿನ ಎರಡೂ ನಿಂತ ಜಾಗವನ್ನು ಇದು ಸದ್ದಿಲ್ಲದೆ ದಾಟಿ ಮುಂದೆ ಹೋಯಿತು. ಸೋಮವಾರ ಎಪ್ಪತ್ತಾರು. ಮಂಗಳವಾರವೂ ಎಪ್ಪತ್ತಾರು. ಬುಧವಾರ ಎಪ್ಪತ್ತಮೂರು ಬಂತು. ಚೆನ್ನಾಗಿ ನಿದ್ದೆ ಬಂದಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ಬೇರೆ ಯಾರದಾದರೂ ಗೆರೆಯಾಗಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ.

ಆ ದಿನ ಸಂಜೆ ಬೆಳಕಿದ್ದಾಗಲೇ ನಮ್ಮವರು ಡ್ಯೂಟಿ ಮುಗಿಸಿ ಬಂದು ಅಡುಗೆಮನೆಯ ನಲ್ಲಿ ರಿಪೇರಿಗೆ ಕೂತರು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ನಾನು ಸ್ಪ್ಯಾನರು ಕೊಡುತ್ತಾ ನಿಂತಿದ್ದೆ.

"ಏನೇ, ತಿಂಗಳಿಂದ ನೋಡ್ತಿದೀನಿ, ಮಾತಾಡಿಸಿದ್ರೆ ಕಚ್ಚೋಕೆ ಬರ್ತೀಯಾ. ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದರು, ತಲೆ ಸಿಂಕಿನ ಕೆಳಗೇ ಇಟ್ಟುಕೊಂಡು.

ಆ ದನಿಗೆ ನನ್ನ ತೀರ್ಮಾನ ಎಲ್ಲಿ ಹೋಯಿತೋ ಗೊತ್ತಿಲ್ಲ. "ಹತ್ತು ವಾರ ನಡೀತಿದೆ ಕಣ್ರೀ" ಎಂದುಬಿಟ್ಟೆ.

ಸಿಂಕಿಗೆ ತಲೆ ಬಡಿಯಿತು. ಹೊರಗೆ ಬಂದು ನೆಲದ ಮೇಲೆ ಕೂತು ನನ್ನನ್ನೇ ನೋಡಿದರು. "ನಿಜಾನಾ?"

"ಅಲ್ಲ, ತಮಾಷೆಗೆ ಹೇಳ್ದೆ."

ಅವರು ಮತ್ತೆ ಸಿಂಕಿನ ಕೆಳಗೆ ತೂರಿದರು. ನಲ್ಲಿಯನ್ನು ಎಷ್ಟು ಬಿಗಿದರೆಂದರೆ ಮರುದಿನ ಅತ್ತೆ ಅದನ್ನು ತಿರುಗಿಸಲಾಗದೆ ಬಾಯಿ ಬಡಿದುಕೊಂಡರು. ಅಮ್ಮನಿಗೆ ಹೇಳಬೇಡಿ ಅಂದೆ, ಸತ್ತರೂ ಹೇಳೋದಿಲ್ಲ ಅಂದರು. ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. ಆಗ, ಅಷ್ಟು ವಾರಗಳಲ್ಲಿ ಮೊದಲ ಸಲ, ನನಗೆ ಸಂತೋಷವಾಯಿತು. ಇದು ಉಳಿಯುತ್ತದೆ ಅನ್ನಿಸಿತು. ಒಂದು ಅರ್ಧ ಗಂಟೆ ಹಾಗೇ ಇತ್ತು, ಆಮೇಲೆ ಅತ್ತೆ ಬಂದರು.

ಗುರುವಾರ ಬೆಳಗ್ಗೆ ಎಪ್ಪತ್ತು.

ಎದ್ದು ಕೂತೆ. ಮತ್ತೆ ಮಲಗಿದೆ. ಎಪ್ಪತ್ತು. ಅಂಟುಪಟ್ಟಿ ಕಿತ್ತು ಹೊಸದು ಹಾಕಿದೆ. ಹೊಸ ವೈರು ತೆಗೆದು ಹಳೆಯದನ್ನು ಸಿಕ್ಕಿಸಿದೆ. ಯಂತ್ರ ಆರಿಸಿ ಹತ್ತು ಎಣಿಸಿ ಮತ್ತೆ ಹಾಕಿದೆ. ಉಸಿರು ಎಳೆದಾಗ ಗೆರೆ ತುಸು ಏರಿತು, ಬಿಟ್ಟಾಗ ತುಸು ಇಳಿಯಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಈ ಯಂತ್ರ ಕೆಟ್ಟಿರಲಪ್ಪಾ ಎಂದು ಬೇಡಿಕೊಂಡೆ. ಎಲ್ಲರೂ ಅದು ಕೆಟ್ಟಿದೆ ಎಂದಾಗ ಸರಿಯಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ, ಈಗ ಕೆಟ್ಟಿದ್ದರೆ ಸಾಕು ಎಂದು ಗೋಗರೆಯುವವಳೂ ನಾನೊಬ್ಬಳೇ. ನೋವಿಲ್ಲ, ರಕ್ತವಿಲ್ಲ, ಏನೂ ಇಲ್ಲ. ರಿಜಿಸ್ಟರಿನಲ್ಲಿ ಎಪ್ಪತ್ತು ಎಂದು ಬರೆದೆ. ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಕರೆದೆ. ಅವತ್ತು ಬಂದವರ ಗೆರೆಗಳನ್ನು ನಾನು ಬೇಕೆಂದೇ ನೋಡಲಿಲ್ಲ.

ಶುಕ್ರವಾರ ಅರವತ್ತೇಳು. ಅಲೆ ಹಳೆಯ ಅಲೆ, ನನ್ನ ಕೈಬರಹದಷ್ಟು ನನಗೆ ಪರಿಚಯದ್ದು.

ಒಂಬತ್ತಕ್ಕೆ ಟೈಲರು ಏದುಸಿರು ಬಿಡುತ್ತಾ ಬಂದಳು. "ಅಕ್ಕಾ, ಇವತ್ತು ನಿಮ್ಮ ಯಂತ್ರ ಮತ್ತೆ ತಪ್ಪು ಹೇಳಿದ್ರೆ ನಾನು ಇಲ್ಲೇ ಹೆತ್ತು ಹೋಗೋಳು, ಆಮೇಲೆ ನೀವೇ ತೊಟ್ಟಿಲು ತೂಗ್ಬೇಕು" ಎಂದು ಮಂಚದ ಮೇಲೆ ಉರುಳಿಕೊಂಡಳು. ಅವಳ ಉಸಿರು ತಹಬಂದಿಗೆ ಬರುವವರೆಗೆ ಕಾದು ವೈರು ಅಂಟಿಸಿದೆ. ಅವಳದ್ದೂ ಅಲೆ ಅಲೆಯಾಗಿ, ನಿಧಾನವಾಗಿ ಬಂದುಬಿಟ್ಟರೆ ಯಂತ್ರ ಸುಳ್ಳು. ಯಂತ್ರ ಸುಳ್ಳಾದರೆ ನನ್ನದು ಇನ್ನೂ ಇದೆ. ಐದು ನಿಮಿಷ ಪರದೆಯಿಂದ ಕಣ್ಣು ಕೀಳಲಿಲ್ಲ.

ಎಂಬತ್ತೆಂಟು. ಗೆರೆ ಚಪ್ಪಟೆ. ಎಂಟನೇ ತಿಂಗಳ ಆರೋಗ್ಯವಂತ ಬಸುರಿಯ ಹೃದಯ ಹೇಗಿರಬೇಕೋ ಹಾಗೆ.

"ಹೇಗಿದೆ ಅಕ್ಕಾ?"

"ಚೆನ್ನಾಗಿದೆ."

"ಮತ್ಯಾಕೆ ಮುಖ ಹಾಗೆ ಮಾಡ್ಕೊಂಡಿದೀರಾ?"

"ಎದ್ದು ನಿಂತ್ಕೋ, ಇನ್ನೂ ಐದು ನಿಮಿಷ ಇದೆ" ಎಂದೆ.

ಅವಳು ಹೋದ ಮೇಲೆ ಡಾಕ್ಟರು ಬಂದರು. ರಿಜಿಸ್ಟರು ನೋಡಿದರು, ಪರದೆಯ ಮೇಲೆ ನನ್ನ ಬೆಳಗಿನ ಗೆರೆ ತೆರೆದು ನೋಡಿದರು, ಮೇಜು ಕುಟ್ಟಿದರು. "ಬಂತು ನೋಡಮ್ಮ! ಅಲೆ ಬಂತು! ನಾನು ಹೇಳಲಿಲ್ವಾ, ವೈರಿಂದೇ ತೊಂದರೆ ಅಂತ? ಹೊಸ ವೈರು ಕೂತ್ಕೊಳ್ಳೋಕೆ ನಾಲ್ಕು ದಿನ ಬೇಕಾಯ್ತು ಅಷ್ಟೆ. ಸದ್ಯ, ಬದುಕಿದ್ವಿ."

ಅವರ ಮುಖದಲ್ಲಿ ಅಂಥ ಖುಷಿ ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಯಂತ್ರ ಕೆಟ್ಟಿರಲಿಲ್ಲ ಡಾಕ್ಟ್ರೇ" ಎಂದೆ. "ನಾನು ಬಸುರಿಯಾಗಿದ್ದೆ. ಈಗ ಇಲ್ಲ ಅನ್ಸುತ್ತೆ."

ಅವರು ಪರದೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪರದೆ ನೋಡಿ ತಿಂಗಳ ಹಿಂದಿನ ಗೆರೆಗಳನ್ನು ಒಂದೊಂದಾಗಿ ತೆರೆದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನೆಂಥ ದಡ್ಡ" ಎಂದರು. ತಾವೇ ನನ್ನ ಜೊತೆ ಮೆಟ್ಟಿಲಿಳಿದು ಸ್ಕ್ಯಾನಿಂಗ್ ಕೋಣೆಗೆ ಬಂದರು.

ಸ್ಕ್ಯಾನ್ ಮಾಡುವ ಹುಡುಗಿ ಮೊದಲು ಹವಾಮಾನದ ಬಗ್ಗೆ ಏನೋ ಹೇಳುತ್ತಿದ್ದಳು. ಆಮೇಲೆ ಸುಮ್ಮನಾದಳು. ಆ ಸುಮ್ಮನಾಗುವುದು ನನಗೆ ಹೊಸದಲ್ಲ, ಇದಕ್ಕೆ ಮೊದಲು ಎರಡು ಸಲ ಕೇಳಿದ್ದೆ. ಪರದೆಯನ್ನು ಅವಳು ತನ್ನ ಕಡೆ ತಿರುಗಿಸಿಕೊಂಡಳು.

"ಹೇಳಮ್ಮ, ನನಗೆ ಗೊತ್ತಿದೆ" ಎಂದೆ.

"ಬಡಿತ ಇಲ್ಲ ಅಕ್ಕಾ. ಎರಡು ಮೂರು ದಿನ ಆಗಿರ್ಬೇಕು."

ಎರಡು ಮೂರು ದಿನ ಅಂದರೆ ಮಂಗಳವಾರ, ಇಲ್ಲವೇ ಬುಧವಾರ. ನಾನು ನಲ್ಲಿಯ ಪಕ್ಕ ನಿಂತು ಹತ್ತು ವಾರ ನಡೀತಿದೆ ಎಂದಾಗ ಅದು ಆಗಲೇ ಇರಲಿಲ್ಲ. ಅಳು ಬರಲಿಲ್ಲ. ಹೊಟ್ಟೆಯ ಮೇಲಿನ ತಣ್ಣನೆಯ ಅಂಟನ್ನು ಒರೆಸಿಕೊಂಡು ಎದ್ದೆ. ಸೋಮವಾರ ಬಂದು ಗರ್ಭಕೋಶ ಸ್ವಚ್ಛ ಮಾಡಿಸಿಕೊಳ್ಳುವುದರ ಬಗ್ಗೆ ಅವಳು ಹೇಳಿದಳು, ಹೂಂ ಎಂದೆ.

ಮತ್ತೆ ಮೇಲಕ್ಕೆ ಬಂದೆವು. ಮನೆಗೆ ಹೋಗು ಎಂದು ಡಾಕ್ಟರು ಎರಡು ಸಲ ಹೇಳಿದರು, ಹೋಗಿ ಏನು ಮಾಡಲಿ ಎಂದೆ. ಬದಿಗಿಟ್ಟ ದಾಖಲೆಗಳನ್ನೆಲ್ಲ ಮತ್ತೆ ಸೇರಿಸಬಹುದು, ಇನ್ನು ಯಾರನ್ನೂ ಕರೆಸಬೇಕಾಗಿಲ್ಲ ಎಂದು ಇಬ್ಬರೂ ಕೂತು ಪಟ್ಟಿ ಮಾಡಿದೆವು. ಪಟ್ಟಿ ಮುಗಿದರೂ ಅವರು ಏಳಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಇದ್ದರು.

"ಕೇಳಬಾರದು. ಆದ್ರೂ ಕೇಳ್ತೀನಿ, ಬೈಬೇಡ. ನಮ್ಮ ಹತ್ರ ಬರೋರೆಲ್ಲ ಬಸುರಿ ಆದ್ಮೇಲೆ ಬರ್ತಾರೆ. ಅದಕ್ಕೆ ಮೊದಲು ಅವರ ಹೃದಯ ಹೇಗಿತ್ತು ಅಂತ ನಮಗೆ ಗೊತ್ತಿರಲ್ಲ. ನಿಂದು... ಮೊದಲಿಂದು, ಆಮೇಲಿಂದು, ಹೋದ ಮೇಲಿಂದು, ದಿನಾ ಬೆಳಗ್ಗೆ, ಒಂದೇ ಯಂತ್ರ. ಇಂಥದ್ದು ನಾನು ಎಲ್ಲೂ ನೋಡಿಲ್ಲ."

ನನಗೆ ಕೆಂಡದಂಥ ಕೋಪ ಬರಬೇಕಿತ್ತು. ಬರಲಿಲ್ಲ. ತಗೊಳ್ಳಿ ಎಂದೆ, ಕಪಾಟಿನಿಂದ ಹೊಸ ಅರ್ಜಿ ತೆಗೆದು ಮೇಲೆ ಹದಿನೈದು ಎಂದು ಸಂಖ್ಯೆ ಹಾಕಿ ಅವರ ಮುಂದಿಟ್ಟೆ. ಅದರ ಪ್ರಶ್ನೆಗಳನ್ನು ಯಾವಾಗಲೂ ಓದುವವಳು ನಾನು, ಈಗ ಅವರು ಓದಬೇಕಾಯಿತು. ವಯಸ್ಸು ಕೇಳಿದರು, ಎಷ್ಟನೆಯ ಬಸಿರು ಕೇಳಿದರು. ಮುಂದಿನದಕ್ಕೆ ಬಂದಾಗ ಓದದೆ ಹಾಳೆ ತಿರುಗಿಸಲು ಹೊರಟರು.

"ಒಂದು ಬಿಟ್ರಿ" ಎಂದೆ. "ಎಲ್ಲರಿಗೂ ಕೇಳ್ತೀನಿ ನಾನು. ನನಗೂ ಕೇಳಿ."

ಅವರು ತಲೆ ಎತ್ತದೆ, "ಬದುಕಿರುವ ಮಕ್ಕಳು ಎಷ್ಟು?" ಎಂದರು.

"ಇಲ್ಲ" ಎಂದೆ. ಅವರು ಬರೆದುಕೊಂಡರು. ಆ ಪ್ರಶ್ನೆಯನ್ನು ನಾನು ಒಂಬತ್ತು ವರ್ಷ ಅದೆಷ್ಟು ಹೆಂಗಸರಿಗೆ, ಗಡಿಯಾರ ನೋಡುತ್ತಾ, ಕೇಳಿದ್ದೆನೋ ಲೆಕ್ಕವಿಲ್ಲ.

ನಾಲ್ಕೂವರೆಗೆ ಕೋಣೆಗೆ ಬೀಗ ಹಾಕಿ ಕೆಳಗಿಳಿದೆ. ಗೇಟಿನ ಪಕ್ಕ, ಆಂಬುಲೆನ್ಸುಗಳು ನಿಲ್ಲುವ ಜಾಗದಲ್ಲಿ, ನಮ್ಮವರು ನಿಂತಿದ್ದರು. ಮದುವೆಯಾದ ಹದಿನಾರು ವರ್ಷದಲ್ಲಿ ಒಂದು ದಿನವೂ ನನ್ನನ್ನು ಕರೆದೊಯ್ಯಲು ಬಂದವರಲ್ಲ. ಯಾರದೋ ಕೈಕಾಲು ಹಿಡಿದು ಡ್ಯೂಟಿ ಬದಲಿಸಿಕೊಂಡಿರಬೇಕು, ಖಾಕಿ ಅಂಗಿಯ ಮೇಲೆ ಮನೆಯ ಸ್ವೆಟರು ಹಾಕಿಕೊಂಡಿದ್ದರು. ನನ್ನನ್ನು ನೋಡಿದ್ದೇ ಮುಖ ತುಂಬ ನಗುತ್ತಾ ಎದುರು ಬಂದು, ನಾನು ಬಾಯಿ ತೆರೆಯುವ ಮೊದಲೇ ಹೆಗಲಿನ ಚೀಲ ಕಿತ್ತುಕೊಂಡರು.

"ಏನೇ ಇದು, ಕಲ್ಲು ತುಂಬಿದೀಯಾ? ಇನ್ಮೇಲೆ ನೀನು ಒಂದು ಲೋಟನೂ ಎತ್ತಬಾರದು. ಬಸ್ಸಲ್ಲಿ ಬೇಡ, ಕುಲುಕುತ್ತೆ, ಆಟೋ ಹೇಳಿದೀನಿ. ಅಮ್ಮನಿಗೆ ನಾನು ಏನೂ ಹೇಳಿಲ್ಲ, ದೇವರಾಣೆ."

ನಾಲ್ಕು ಹೆಜ್ಜೆ ಅವರ ಜೊತೆ ನಡೆದೆ. ಐದನೆಯದಕ್ಕೆ ಕಾಲು ಬರಲಿಲ್ಲ. ಕೈ ಚಾಚಿದೆ.

"ಚೀಲ ಇಲ್ಲಿ ಕೊಡಿ."

"ಏಯ್, ಸುಮ್ನಿರು, ನಾನು ಹಿಡ್ಕೊಂಡಿದೀನಲ್ಲ."

"ಕೊಡಿ ರೀ. ಇನ್ನು ನಾನು ಎತ್ತಬಹುದು."

ಅವರ ಮುಖದಲ್ಲಿ ನಗು ಒಂದು ಗಳಿಗೆ ಹಾಗೇ ಉಳಿದಿತ್ತು. ಆಮೇಲೆ ಅವರಿಗೆ ಅರ್ಥವಾಯಿತು. ಆಟೋದವನು ಹಾರ್ನು ಹೊಡೆದ. ಅವರು ಚೀಲ ಕೊಡಲಿಲ್ಲ, ಎರಡೂ ಕೈಯಿಂದ ಅದನ್ನು ಹೊಟ್ಟೆಗೆ ಅವುಚಿಕೊಂಡು ಅಲ್ಲೇ ನಿಂತರು.